ವಿಟಮಿನ್ ಡಿ, ಹಾರ್ಮೋನ್ ಮತ್ತು ಹೆಕ್ಟರ್ ಡಿಲೂಕಾ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಟಮಿನ್ ಡಿ ಮಾತು ತೆಗೆದರೆ ಸಾಕು, ಸ್ಯಾಶೆ ಕುಡಿದವರು ಮನೆಗೊಬ್ಬರು ಸಿಗುತ್ತಾರೆ. ಆ ಪುಡಿ ದೇಹದೊಳಗೆ ಹೋಗಿ ಏನಾಗುತ್ತದೆ, ಅದನ್ನು ಪತ್ತೆ ಮಾಡಿದ್ದು ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆ ಕತೆಯಲ್ಲಿ ದೊಡ್ಡ ಪಾಲು ಅಮೆರಿಕದ ವಿಜ್ಞಾನಿ ಹೆಕ್ಟರ್ ಡಿಲೂಕಾ ಅವರದ್ದು. ಅವರ ಕೆಲಸದ ಬಗ್ಗೆ ನನ್ನ ಹತ್ತಿರ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲ ಪರಿಚಯ

ಈ ಡಿಲೂಕಾ ಯಾರು? ಹೆಸರೇ ಕೇಳಿಲ್ಲವಲ್ಲ

ಹೆಕ್ಟರ್ ಡಿಲೂಕಾ ಹುಟ್ಟಿದ್ದು 1930ರಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಪ್ಯೂಬ್ಲೊ ಊರಿನಲ್ಲಿ. ಡಿಗ್ರಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ, ಅಂದರೆ ಮ್ಯಾಡಿಸನ್ ಊರಿಗೆ ಬಂದು 1955ರಲ್ಲಿ ಪಿಎಚ್‌ಡಿ ಮುಗಿಸಿದರು. ಬಂದವರು ಅಲ್ಲೇ ನೆಲೆ ನಿಂತರು. ಅದೇ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿ, ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿ ದಶಕಗಟ್ಟಲೆ ದುಡಿದರು.

ನಾವು ತಿನ್ನುವ ಅಥವಾ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಅದೇ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಮೊದಲು ಲಿವರ್‌ನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾಗಿ, ಕೊನೆಗೆ ಒಂದು ಹಾರ್ಮೋನ್ ಆಗಿ ರಕ್ತಕ್ಕೆ ಇಳಿಯುತ್ತದೆ. ಇದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದವರಲ್ಲಿ ಡಿಲೂಕಾ ಮುಂಚೂಣಿಯಲ್ಲಿದ್ದಾರೆ. ಆ ತಿಳಿವಳಿಕೆಯಿಂದಲೇ ಕಿಡ್ನಿ ರೋಗಿಗಳಿಗೆ ಇವತ್ತು ಕೊಡುವ ಹಲವು ಔಷಧಗಳು ಬಂದವು.

ವಿಟಮಿನ್ ಡಿ ವಿಟಮಿನ್ನೋ, ಹಾರ್ಮೋನೋ? ಒಂದು ಕಡೆ ಹೇಳಿ ಸ್ವಾಮಿ

ತಿನ್ನುವಾಗ ಅದು ವಿಟಮಿನ್, ಕೆಲಸ ಮಾಡುವಾಗ ಅದರಿಂದ ಹುಟ್ಟಿದ ಹಾರ್ಮೋನ್. ಹಾರ್ಮೋನ್ ಅಂದರೆ ದೇಹದ ಒಂದು ಅಂಗದಲ್ಲಿ ತಯಾರಾಗಿ, ರಕ್ತದ ಮೂಲಕ ಬೇರೆ ಅಂಗಕ್ಕೆ ಹೋಗಿ, ಅಲ್ಲಿ ಕೆಲಸ ಮಾಡಿಸುವ ವಸ್ತು. ಎಷ್ಟು ಬೇಕೋ ಅಷ್ಟನ್ನೇ ದೇಹ ತಯಾರಿಸುತ್ತದೆ, ಸಾಕಾದರೆ ನಿಲ್ಲಿಸುತ್ತದೆ.

ಕಿಡ್ನಿಯಲ್ಲಿ ತಯಾರಾಗುವ 1,25-ಡೈಹೈಡ್ರಾಕ್ಸಿ ವಿಟಮಿನ್ ಡಿ ಈ ಎಲ್ಲ ಲಕ್ಷಣಗಳಿಗೂ ಹೊಂದುತ್ತದೆ. ಇದಕ್ಕೆ ಕ್ಯಾಲ್ಸಿಟ್ರಿಯಾಲ್ ಅನ್ನುವ ಚಿಕ್ಕ ಹೆಸರಿದೆ. ಅದು ಕರುಳಿಗೆ ಹೋಗಿ ಊಟದಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಹೀರಿಕೊಳ್ಳುವಂತೆ ಮಾಡುತ್ತದೆ. ಮೂಳೆಯ ಮೇಲೂ ಕೆಲಸ ಮಾಡುತ್ತದೆ. ಸಾಕಷ್ಟು ಬಿಸಿಲು ಬಿದ್ದರೆ ಚರ್ಮವೇ ವಿಟಮಿನ್ ಡಿ ತಯಾರಿಸಿಕೊಳ್ಳುತ್ತದೆ. ಆಗ ಊಟದಿಂದ ಬರಲೇಬೇಕು ಅಂತೇನಿಲ್ಲ. ಹಾಗೆ ನೋಡಿದರೆ ಇದನ್ನು ವಿಟಮಿನ್ ಪಟ್ಟಿಗೆ ಸೇರಿಸಿದ್ದೇ ಚರಿತ್ರೆಯ ಆಕಸ್ಮಿಕ.

ಡಿಲೂಕಾ ಅವರಿಗಿಂತ ಮೊದಲು ಯಾರಿಗೆ ಏನು ಗೊತ್ತಿತ್ತು?

ರಿಕೆಟ್ಸ್ ಇತ್ತು. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುವ ಕಾಯಿಲೆ. ಹೊಗೆ ಕವಿದ ಯುರೋಪಿನ ಕೈಗಾರಿಕಾ ನಗರಗಳಲ್ಲಿ ಇದು ಮನೆಮನೆಯ ಗೋಳಾಗಿತ್ತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಒಳಗೇ ಕೂಡಿಹಾಕಿ, ಹೆಚ್ಚಾಗಿ ಓಟ್ಸ್ ಗಂಜಿ ಕೊಟ್ಟು ರಿಕೆಟ್ಸ್ ಬರಿಸಿದರು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ಅವು ಗುಣವಾದವು. ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಹುಲ್ಡ್‌ಶಿನ್ಸ್ಕಿ ಅನ್ನುವ ವೈದ್ಯರು ನೇರಳಾತೀತ ದೀಪದ ಬೆಳಕಿನಿಂದ ಮಕ್ಕಳ ರಿಕೆಟ್ಸ್ ವಾಸಿ ಮಾಡಿದ್ದರು. ಒಂದೇ ಕಾಯಿಲೆ ಎಣ್ಣೆಗೂ ಹೋಗುತ್ತದೆ, ಬೆಳಕಿಗೂ ಹೋಗುತ್ತದೆ. ಇದು ಹೇಗೆ ಅನ್ನುವುದೇ ಎಲ್ಲರ ತಲೆ ಕೆಡಿಸಿತ್ತು.

1922ರಲ್ಲಿ ಎಲ್ಮರ್ ಮೆಕಾಲಮ್ ಒಂದು ಚೊಕ್ಕ ಪ್ರಯೋಗ ಮಾಡಿದರು. ಮೀನೆಣ್ಣೆಯನ್ನು ಬಿಸಿ ಮಾಡಿ ಅದರೊಳಗೆ ಆಮ್ಲಜನಕ ಹಾಯಿಸಿದರು. ಎಣ್ಣೆಯಲ್ಲಿದ್ದ ವಿಟಮಿನ್ ಎ ನಾಶವಾಯಿತು, ಆದರೆ ರಿಕೆಟ್ಸ್ ಗುಣಪಡಿಸುವ ಶಕ್ತಿ ಉಳಿಯಿತು. ಅಂದರೆ ಎಣ್ಣೆಯಲ್ಲಿ ಇನ್ನೊಂದು ವಸ್ತು ಇದೆ. ಎ, ಬಿ, ಸಿ ಆಗಲೇ ಇದ್ದವು, ಹೀಗಾಗಿ ಇದು ಡಿ ಆಯಿತು.

ಸ್ಟೀನ್‌ಬಾಕ್ ಡಿಲೂಕಾ ಅವರ ಗುರುವಂತೆ. ಅವರು ಮಾಡಿದ್ದೇನು? ಪೇಟೆಂಟ್ ದುಡ್ಡು ಎಲ್ಲಿಗೆ ಹೋಯಿತು?

ಹ್ಯಾರಿ ಸ್ಟೀನ್‌ಬಾಕ್ ವಿಸ್ಕಾನ್ಸಿನ್‌ನವರೇ. ಹಾಲು ಕೊಡುವ ಮೇಕೆಗಳಲ್ಲಿ ಕ್ಯಾಲ್ಸಿಯಂ ಲೆಕ್ಕ ಹಾಕುತ್ತಿದ್ದಾಗ ಅವರಿಗೆ ಒಂದು ಸಂಗತಿ ಕಂಡಿತು. ಬಿಸಿಲಿಗೆ ಹೋಗುವ ಮೇಕೆ ಕ್ಯಾಲ್ಸಿಯಂ ಉಳಿಸಿಕೊಳ್ಳುತ್ತದೆ, ಕೊಟ್ಟಿಗೆಯಲ್ಲೇ ಇರುವ ಮೇಕೆ ಕಳೆದುಕೊಳ್ಳುತ್ತದೆ. ಆಮೇಲೆ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಇಲಿಗೆ ಬೆಳಕು ತೋರಿಸುವುದನ್ನು ಬಿಟ್ಟು ಅವುಗಳ ಆಹಾರಕ್ಕೇ ನೇರಳಾತೀತ ಬೆಳಕು ಹಾಯಿಸಿದರೂ ರಿಕೆಟ್ಸ್ ವಾಸಿಯಾಯಿತು. 1924ರಲ್ಲಿ ಇದು ಪ್ರಕಟವಾಯಿತು. ಎಣ್ಣೆ ಮತ್ತು ಬೆಳಕಿನ ಒಗಟು ಬಿಡಿಸಿಕೊಂಡಿತು: ಬೆಳಕು ಬಿದ್ದಾಗ ಆ ವಸ್ತು ತಯಾರಾಗುತ್ತದೆ. ನ್ಯೂಯಾರ್ಕ್‌ನ ಆಲ್ಫ್ರೆಡ್ ಹೆಸ್ ಕೂಡ ಸ್ವತಂತ್ರವಾಗಿ ಇದೇ ಮಾತಿಗೆ ಬಂದಿದ್ದರು.

ಕ್ವೇಕರ್ ಓಟ್ಸ್ ಕಂಪನಿ ಈ ವಿಧಾನಕ್ಕೆ ಸುಮಾರು 10 ಲಕ್ಷ ಡಾಲರ್ ಕೊಡಲು ಮುಂದೆ ಬಂತು ಅಂತ ಹೇಳುತ್ತಾರೆ. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ. ಸ್ಟೀನ್‌ಬಾಕ್ ಅದನ್ನು ಜೇಬಿಗೆ ಇಳಿಸಲಿಲ್ಲ. ಪೇಟೆಂಟ್‌ನ ಆದಾಯ ಸಂಶೋಧನೆಗೇ ವಾಪಸ್ ಬರಲಿ ಅಂತ 1925ರಲ್ಲಿ ವಿಸ್ಕಾನ್ಸಿನ್ ಹಳೆ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ ಶುರುವಾಯಿತು. ಟೀಕೆಯೂ ಬಂತು. ಬಡವರು ತಿನ್ನುವ ಮಾರ್ಗರೀನ್‌ಗೆ ಲೈಸೆನ್ಸ್ ಕೊಡಲಿಲ್ಲ, ಹೈನುಗಾರರ ಬೆಣ್ಣೆಯನ್ನೇ ಕಾಪಾಡಿದರು ಅನ್ನುವ ಮಾತು ಕೋರ್ಟ್‌ವರೆಗೂ ಹೋಯಿತು. 1940ರ ದಶಕದಲ್ಲಿ ಪೇಟೆಂಟ್‌ಗಳೂ ರದ್ದಾದವು. ನನಗೆ ಆ ಟೀಕೆ ನ್ಯಾಯವಾದದ್ದೇ ಅನ್ನಿಸುತ್ತದೆ. ಹಾಗಂತ ಪ್ರತಿಷ್ಠಾನ ಮಾಡಿದ ಒಳ್ಳೆಯದನ್ನು ಮರೆಯುವ ಹಾಗಿಲ್ಲ. ಡಿಲೂಕಾ ಲ್ಯಾಬಿನ ಔಷಧಗಳು ಮಾರುಕಟ್ಟೆಗೆ ಬಂದದ್ದೂ ಅದರ ಮೂಲಕವೇ.

ಸ್ಟೀನ್‌ಬಾಕ್ ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿ ಡಿಲೂಕಾ. ಮುಂದೆ ಡಿಲೂಕಾ ಅವರಿಗೆ ಸಿಕ್ಕ ಪ್ರೊಫೆಸರ್ ಹುದ್ದೆಗೂ ಗುರುವಿನದೇ ಹೆಸರು.

## ಲ್ಯಾಬಿನ ಒಳಗೆ

ವಿಟಮಿನ್ ಡಿ ಹಾಗೇ ಕೆಲಸ ಮಾಡಲ್ಲ ಅನ್ನೋ ಅನುಮಾನ ಬಂದದ್ದಾದರೂ ಹೇಗೆ?

ತಡವಾಗುತ್ತಿತ್ತು, ಅದಕ್ಕೆ. ಡಿ ಕೊರತೆಯ ಇಲಿಗೆ ವಿಟಮಿನ್ ಡಿಯನ್ನು ನೇರವಾಗಿ ರಕ್ತಕ್ಕೇ ಕೊಟ್ಟರೂ ಕರುಳು ಕ್ಯಾಲ್ಸಿಯಂ ಹೀರಲು ಶುರು ಮಾಡುವುದಕ್ಕೆ ಹಲವು ಗಂಟೆ ಬೇಕಾಗುತ್ತಿತ್ತು. ವಸ್ತು ಅಲ್ಲೇ ಇದೆ, ಕೆಲಸ ಆಗುತ್ತಿಲ್ಲ. ನಡುವೆ ಏನೋ ನಡೆಯುತ್ತಿದೆ ಅಂತ ಡಿಲೂಕಾ ಅವರಿಗೆ ಅನ್ನಿಸಿತು.

1960ರ ದಶಕದ ನಡುವೆ ಇನ್ನೊಂದು ಸುಳಿವು ಸಿಕ್ಕಿತು. ಜೀನ್‌ಗಳಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುವ ಆಕ್ಟಿನೊಮೈಸಿನ್ ಕೊಟ್ಟರೆ ವಿಟಮಿನ್ ಡಿಯ ಪರಿಣಾಮವೇ ಕಾಣಿಸುತ್ತಿರಲಿಲ್ಲ. ಅಂದರೆ ಅದು ಜೀನ್‌ಗಳ ಮಟ್ಟದಲ್ಲಿ ಕೆಲಸ ಮಾಡುತ್ತಿದೆ. ಸ್ಟೀರಾಯ್ಡ್ ಹಾರ್ಮೋನ್‌ಗಳ ವರಸೆಯೂ ಇದೇ. ಆಗಿನ್ನೂ ಬಹಳಷ್ಟು ಜನ ವಿಟಮಿನ್ ಡಿ ಇದ್ದ ಹಾಗೇ ಕೆಲಸ ಮಾಡುತ್ತದೆ ಅಂತ ನಂಬಿದ್ದರು. ಎಲ್ಲರೂ ಒಪ್ಪಿಕೊಂಡ ಮಾತನ್ನು ಗಂಟೆಗಳ ಲೆಕ್ಕ ಹಿಡಿದು ಅನುಮಾನಿಸಿದ್ದು ನನಗೆ ಈ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ.

ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದ ವಸ್ತುವನ್ನು ಹಿಡಿದದ್ದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. 40 ಯೂನಿಟ್ ವಿಟಮಿನ್ ಡಿ ಅಂದರೆ ಬರೀ 1 ಮೈಕ್ರೊಗ್ರಾಂ. ಒಂದು ಇಲಿಗೆ ದಿನಕ್ಕೆ ಸಾಕಾಗುವುದು ಅದಕ್ಕಿಂತಲೂ ಕಡಿಮೆ. ಅಷ್ಟು ಚೂರನ್ನು ದೇಹದ ತುಂಬ ಹುಡುಕುವುದು ಹೇಗೆ? ಡಿಲೂಕಾ ಲ್ಯಾಬಿನವರು ವಿಕಿರಣ ಸೂಸುವ ಹೈಡ್ರೋಜನ್ ಆದ ಟ್ರಿಷಿಯಂ ಕೂಡಿಸಿ ವಿಟಮಿನ್ ಡಿ ತಯಾರಿಸಿದರು. ವಿಕಿರಣ ಬಲವಾಗಿದ್ದರಿಂದ ಸಹಜ ಪ್ರಮಾಣದ ಡೋಸ್ ಕೊಟ್ಟರೂ ಅದು ಹೋದ ದಾರಿಯನ್ನು ಅಳೆಯಬಹುದಿತ್ತು. ಹಿಂದಿನವರಿಗೆ ಇಂಥ ಅನುಕೂಲ ಇರಲಿಲ್ಲ.

ಆಮೇಲೆ ಕಾಲಮ್ ಕೆಲಸ. ಗಾಜಿನ ಉದ್ದ ಕೊಳವೆಯಲ್ಲಿ ಸಿಲಿಸಿಕ್ ಆಮ್ಲದ ಪುಡಿ ತುಂಬಿ, ಮೇಲಿನಿಂದ ರಕ್ತದ ಸಾರ ಹಾಕಿ, ಅದರ ಮೇಲೆ ದ್ರಾವಕ ಸುರಿಯುವುದು. ಕೆಳಗೆ ತೊಟ್ಟಿಕ್ಕುವುದನ್ನು ಒಂದೊಂದೇ ಕೊಳವೆಯಲ್ಲಿ ಹಿಡಿದು ಪ್ರತಿಯೊಂದರ ವಿಕಿರಣ ಎಣಿಸುವುದು. ವಿಟಮಿನ್ ಡಿ ಇಳಿದ ಮೇಲೆ ಇನ್ನೂ ತಡವಾಗಿ ಮತ್ತೊಂದು ವಸ್ತು ಇಳಿಯುತ್ತಿತ್ತು. ಅದನ್ನು ಇಲಿಗೆ ಕೊಟ್ಟು ನೋಡಿದರೆ ವಿಟಮಿನ್ ಡಿಗಿಂತ ಬೇಗ ಕೆಲಸ ಮಾಡುತ್ತಿತ್ತು. 1966ರಲ್ಲಿ ಇದನ್ನು ಪ್ರಕಟಿಸಿದರು. ಅದರ ರಚನೆ ತಿಳಿಯಲು ಹೆಚ್ಚು ವಸ್ತು ಬೇಕಿತ್ತು. ಹಂದಿಗಳಿಗೆ ಭಾರಿ ಡೋಸ್ ಕೊಟ್ಟು ಅವುಗಳ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿದರು. 1968ರಲ್ಲಿ ಬ್ಲಂಟ್, ಡಿಲೂಕಾ ಮತ್ತು ಷ್ನೋಸ್ ಅದು 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ತೋರಿಸಿದರು. ಲಿವರ್‌ನಲ್ಲಿ ಆಗುವ ಬದಲಾವಣೆ ಇದೇ.

ಮುಂದಿನದು ಇನ್ನೂ ಕಷ್ಟದ್ದು. ಡಿ ಕೊರತೆಯ ಸಾವಿರಕ್ಕೂ ಹೆಚ್ಚು ಕೋಳಿಗಳಿಗೆ ಟ್ರಿಷಿಯಂ ಇದ್ದ ಡಿ ಕೊಟ್ಟು, ಅವುಗಳ ಕರುಳನ್ನು ಕೂಡಿಸಿ, ಒಂದಾದ ಮೇಲೊಂದು ಕಾಲಮ್ ಹಾಯಿಸಿದರು. ಇಷ್ಟೆಲ್ಲ ಆದ ಮೇಲೆ ಕೈಗೆ ಬಂದದ್ದು ಕೆಲವೇ ಮೈಕ್ರೊಗ್ರಾಂ. ಅದನ್ನು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟಾಗ ತೂಕ 416 ಅಂತ ಬಂತು. ಚರ್ಮದಲ್ಲಿ ತಯಾರಾಗುವ ರೂಪವಾದ ವಿಟಮಿನ್ ಡಿ3 ತೂಕ 384. ಲಿವರ್‌ನಿಂದ ಬರುವುದರ ತೂಕ 400. ಪ್ರತಿ ಸಲವೂ 16 ಹೆಚ್ಚಿದೆ, ಅಂದರೆ ಒಂದೊಂದು ಆಮ್ಲಜನಕ ಸೇರಿದೆ. ಹೀಗೆ ಹಾರ್ಮೋನ್ ಸಿಕ್ಕಿತು: 1,25-ಡೈಹೈಡ್ರಾಕ್ಸಿ ವಿಟಮಿನ್ ಡಿ3. 1971ರ ಆ ಲೇಖನದ ಮೊದಲ ಹೆಸರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಮೈಕಲ್ ಹಾಲಿಕ್ ಅವರದ್ದು.

ಕೇಂಬ್ರಿಡ್ಜ್‌ನವರೇ ಮೊದಲು ಕಂಡುಹಿಡಿದರು ಅಂತಾರಲ್ಲ. ಯಾರ ಮಾತು ಸರಿ?

ಇದು ಒಬ್ಬರ ಗೆಲುವಲ್ಲ. ಕೇಂಬ್ರಿಡ್ಜ್‌ನ ಎಗೊನ್ ಕೋಡಿಸೆಕ್ ತಂಡ ವಿಟಮಿನ್ ಡಿಯ 1ನೇ ಇಂಗಾಲದ ಮೇಲೆ ಟ್ರಿಷಿಯಂ ಇಟ್ಟು ನೋಡಿತ್ತು. ಕರುಳಿನಲ್ಲಿ ಸಿಗುವ ರೂಪದಲ್ಲಿ ಆ ಟ್ರಿಷಿಯಂ ಕಾಣೆಯಾಗಿತ್ತು. ಅಂದರೆ 1ನೇ ಸ್ಥಾನದಲ್ಲೇ ಏನೋ ನಡೆದಿದೆ. ಎಷ್ಟು ಚಂದದ ಸುಳಿವು ನೋಡಿ. 1970ರಲ್ಲಿ ಡೇವಿಡ್ ಫ್ರೇಸರ್ ಮತ್ತು ಕೋಡಿಸೆಕ್ ಈ ವಸ್ತು ತಯಾರಾಗುವುದು ಕಿಡ್ನಿಯಲ್ಲಿ ಅಂತ ತೋರಿಸಿದರು. ಕಿಡ್ನಿ ತೆಗೆದ ಇಲಿಯಲ್ಲಿ ಅದು ತಯಾರಾಗಲಿಲ್ಲ.

ರಚನೆಯನ್ನು 1971ರಲ್ಲಿ ಮೂರು ತಂಡಗಳು ತಿಂಗಳುಗಳ ಅಂತರದಲ್ಲಿ ಪ್ರಕಟಿಸಿದವು. ಕೇಂಬ್ರಿಡ್ಜ್ ಒಂದು, ಡಿಲೂಕಾ ಅವರ ಮ್ಯಾಡಿಸನ್ ಒಂದು, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಆಂಟನಿ ನಾರ್ಮನ್ ಅವರದ್ದು ಇನ್ನೊಂದು. ನಾರ್ಮನ್ ಡಿಲೂಕಾ ಅವರ ಹಳೆಯ ವಿದ್ಯಾರ್ಥಿ! ಕಿಡ್ನಿಯ ಶ್ರೇಯ ಕೇಂಬ್ರಿಡ್ಜ್‌ಗೆ ಹೋಗಬೇಕು ಅಂತ ನನ್ನ ಅಭಿಪ್ರಾಯ. ಲಿವರ್ ರೂಪದ ಶ್ರೇಯ ಮ್ಯಾಡಿಸನ್‌ಗೆ. ಹಾರ್ಮೋನ್‌ನ ರಚನೆಗೆ ಮೂವರ ಹೆಸರೂ ಹೇಳುವುದೇ ಸರಿ. ಲ್ಯಾಬಿನಲ್ಲಿ ಅದನ್ನು ಮೊದಲು ಕಟ್ಟಿದವರು ಮಾತ್ರ ಮ್ಯಾಡಿಸನ್‌ನವರು, 1972ರಲ್ಲಿ.

ಎಷ್ಟು ಹಾರ್ಮೋನ್ ಮಾಡಬೇಕು ಅಂತ ಕಿಡ್ನಿಗೆ ಹೇಳೋರು ಯಾರು?

ರಕ್ತದ ಕ್ಯಾಲ್ಸಿಯಂ. ಅದು ಸ್ವಲ್ಪ ಇಳಿದರೆ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಗೊತ್ತಾಗುತ್ತದೆ. ಅವು ತಮ್ಮ ಹಾರ್ಮೋನ್ ಬಿಡುತ್ತವೆ. ಅದು ಕಿಡ್ನಿಗೆ ಹೋಗಿ ಕ್ಯಾಲ್ಸಿಟ್ರಿಯಾಲ್ ಜಾಸ್ತಿ ಮಾಡಿಸುತ್ತದೆ. ಕರುಳು ಹೆಚ್ಚು ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮೂಳೆಯಿಂದಲೂ ಒಂದಿಷ್ಟು ಇಳಿಯುತ್ತದೆ, ರಕ್ತದ ಮಟ್ಟ ಸರಿಹೋಗುತ್ತದೆ. ಸರಿಹೋದ ಮೇಲೆ ಗ್ರಂಥಿಗಳು ಸುಮ್ಮನಾಗುತ್ತವೆ. 1971ರಿಂದ 73ರವರೆಗೆ ಡಿಲೂಕಾ ಲ್ಯಾಬಿನ ಬಾಯ್ಲ್, ಗರಬೇಡಿಯನ್, ತನಾಕಾ ಮೊದಲಾದವರ ಪ್ರಯೋಗಗಳು ಈ ಸರಪಳಿಯನ್ನು ಜೋಡಿಸಿದವು. ಫಾಸ್ಫರಸ್ ಕಡಿಮೆಯಾದರೂ ಕಿಡ್ನಿ ಹಾರ್ಮೋನ್ ಹೆಚ್ಚಿಸುತ್ತದೆ ಅನ್ನುವುದೂ ಆಗಲೇ ತಿಳಿಯಿತು.

ವಿಟಮಿನ್ ಡಿ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಕೊನೆಯ ಹೆಜ್ಜೆಯ ಬೀಗ ದೇಹದ ಕೈಯಲ್ಲೇ ಇದೆ. ಕೊರತೆ ಇಲ್ಲದವರು ಮಾತ್ರೆ ಮೇಲೆ ಮಾತ್ರೆ ನುಂಗಿದರೂ ಹಾರ್ಮೋನ್ ಅದೇ ಲೆಕ್ಕದಲ್ಲಿ ಏರುವುದಿಲ್ಲ.

ಜೀವಕೋಶದ ಒಳಗೆ ಹೋಗಿ ಆ ಹಾರ್ಮೋನ್ ಮಾಡೋದೇನು?

ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಅದನ್ನು ಹಿಡಿಯಲೆಂದೇ ಇರುವ ರಿಸೆಪ್ಟರ್ ಅನ್ನುವ ಪ್ರೊಟೀನ್‌ಗೆ ಅಂಟಿಕೊಳ್ಳುತ್ತದೆ. ಇದರ ಮೊದಲ ಸುಳಿವು ಕೊಟ್ಟವರು 1969ರಲ್ಲಿ ಹಾಸ್ಲರ್ ಮತ್ತು ನಾರ್ಮನ್. 1980ರ ದಶಕದ ಕೊನೆಗೆ ರಿಸೆಪ್ಟರ್‌ನ ಜೀನ್ ಕೂಡ ಸಿಕ್ಕಿತು. ಹಾರ್ಮೋನ್ ಹಿಡಿದ ರಿಸೆಪ್ಟರ್ ಡಿಎನ್‌ಎ ಮೇಲೆ ಕುಳಿತು ಕೆಲವು ಜೀನ್‌ಗಳನ್ನು ಚುರುಕು ಮಾಡುತ್ತದೆ, ಕೆಲವನ್ನು ತಣ್ಣಗಾಗಿಸುತ್ತದೆ. ಕರುಳಿನಲ್ಲಾದರೆ ಕ್ಯಾಲ್ಸಿಯಂ ಸಾಗಿಸುವ ಪ್ರೊಟೀನ್‌ಗಳು ಹೆಚ್ಚುತ್ತವೆ. ಹೊಸ ಪ್ರೊಟೀನ್ ತಯಾರಾಗಬೇಕಲ್ಲ, ಹಾಗಾಗಿ ಸಿದ್ಧ ಹಾರ್ಮೋನ್ ಕೊಟ್ಟರೂ ಪರಿಣಾಮ ಕಾಣಲು ಒಂದಷ್ಟು ಗಂಟೆ ಬೇಕು.

## ರೋಗಿಗಳು ಕೇಳುವುದು

ನಮ್ಮ ತಂದೆಗೆ ಡಯಾಲಿಸಿಸ್ ನಡೀತಿದೆ. ಎಲ್ಲರಿಗೂ ಕೊಡೋ ಸ್ಯಾಶೆ ಬದಲು ಬೇರೆ ಮಾತ್ರೆ ಬರೆದಿದ್ದಾರೆ. ಯಾಕೆ?

ಮಾಮೂಲಿ ವಿಟಮಿನ್ ಡಿಗೆ ಕೊನೆಯ ರೂಪ ಕೊಡುವ ಅಂಗವೇ ನಿಮ್ಮ ತಂದೆಗೆ ಸೋತಿದೆ. ಹೀಗಾದಾಗ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ. ಫಾಸ್ಫರಸ್ ರಕ್ತದಲ್ಲಿ ಉಳಿದುಬಿಡುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿಗಳು ಬಿಡುವಿಲ್ಲದೆ ದುಡಿದು ಊದಿಕೊಳ್ಳುತ್ತವೆ, ಮೂಳೆಯಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತವೆ. ಮೂಳೆ ನೋವು, ಸುಲಭವಾಗಿ ಮುರಿಯುವುದು ಎಲ್ಲ ಅಲ್ಲಿಂದ ಶುರು. ಡಯಾಲಿಸಿಸ್ ಬಂದ ಹೊಸದರಲ್ಲಿ ರೋಗಿಗಳ ಜೀವ ಉಳಿಯುತ್ತಿತ್ತು, ಮೂಳೆ ಉಳಿಯುತ್ತಿರಲಿಲ್ಲ.

ಸಿದ್ಧ ಹಾರ್ಮೋನನ್ನೇ ಕೊಟ್ಟರೆ ಕಿಡ್ನಿಯ ಹಂಗಿಲ್ಲ. ಕ್ಯಾಲ್ಸಿಟ್ರಿಯಾಲ್‌ಗೆ ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ವೈದ್ಯರು ಬರೆಯುವ ಆಲ್ಫಾಕ್ಯಾಲ್ಸಿಡಾಲ್ ಇನ್ನೊಂದು ಉಪಾಯ. ಕಿಡ್ನಿ ಮಾಡಬೇಕಾದ ಬದಲಾವಣೆ ಅದರಲ್ಲಿ ಮೊದಲೇ ಆಗಿರುತ್ತದೆ, ಉಳಿದದ್ದನ್ನು ಲಿವರ್ ಮುಗಿಸುತ್ತದೆ. ಇವು ಕ್ಯಾಲ್ಸಿಯಂ ಅತಿಯಾಗಿ ಏರಿಸುವ ಭಯ ಇದ್ದದ್ದರಿಂದ, ಗ್ರಂಥಿಯನ್ನು ಹದ್ದುಬಸ್ತಿನಲ್ಲಿಟ್ಟು ಕ್ಯಾಲ್ಸಿಯಂ ಮಾತ್ರ ಅಷ್ಟಾಗಿ ಏರಿಸದ ರೂಪಗಳನ್ನು ಡಿಲೂಕಾ ಹುಡುಕಿದರು. ಪ್ಯಾರಿಕ್ಯಾಲ್ಸಿಟಾಲ್ 1998ರಲ್ಲಿ, ಡಾಕ್ಸರ್‌ಕ್ಯಾಲ್ಸಿಫೆರಾಲ್ 1999ರಲ್ಲಿ ಬಂದವು. ಎರಡನೆಯದರ ಬ್ರಾಂಡ್ ಹೆಸರು ಹೆಕ್ಟೊರಾಲ್, ಡಿಲೂಕಾ ಅವರ ಮೊದಲ ಹೆಸರನ್ನೇ ಅದಕ್ಕೆ ಇಟ್ಟರು.

ಒಂದು ಎಚ್ಚರಿಕೆ. ಇದು ಸಿದ್ಧ ಹಾರ್ಮೋನ್ ಆದ್ದರಿಂದ ದೇಹದ ಬೀಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡೋಸ್ ನಿಗದಿ ಮಾಡುವುದು ರಕ್ತ ಪರೀಕ್ಷೆ ನೋಡಿಯೇ. ಮಾತ್ರೆ ತಪ್ಪಿಸುವುದು, ಹೆಚ್ಚಿಸುವುದು ನಿಮ್ಮಷ್ಟಕ್ಕೇ ಬೇಡ.

ರಿಪೋರ್ಟ್‌ನಲ್ಲಿ 25-ಹೈಡ್ರಾಕ್ಸಿ ಅಂತಿದೆ. ಕೆಲಸ ಮಾಡೋದು 1,25 ಅಂದ ಮೇಲೆ ಅದನ್ನೇ ಯಾಕೆ ಅಳೆಯಲ್ಲ?

ತುಂಬಾ ಒಳ್ಳೆಯ ಪ್ರಶ್ನೆ. 25-ಹೈಡ್ರಾಕ್ಸಿ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ನಿಮ್ಮ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ. 1,25 ಕೆಲವೇ ಗಂಟೆಗಳಲ್ಲಿ ಕರಗುತ್ತದೆ, ಪ್ರಮಾಣವೂ ಸುಮಾರು ಸಾವಿರದಲ್ಲಿ ಒಂದು ಪಾಲು. ಜೊತೆಗೆ ಅದು ಮೋಸ ಮಾಡುತ್ತದೆ. ಕೊರತೆ ಶುರುವಾದಾಗ ಪ್ಯಾರಾಥೈರಾಯ್ಡ್ ಒತ್ತಡದಿಂದ ಕಿಡ್ನಿ ಜೋರಾಗಿ ದುಡಿಯುತ್ತದೆ. ಆಗ 1,25 ಸರಿಯಾಗಿಯೇ ಕಾಣಬಹುದು, ಹೆಚ್ಚೂ ಕಾಣಬಹುದು. ದಾಸ್ತಾನು ಖಾಲಿಯಾಗುತ್ತಿರುವುದು ಆ ಅಂಕಿಯಲ್ಲಿ ತಿಳಿಯುವುದಿಲ್ಲ. ಅದನ್ನು ಅಳೆಯುವುದು ಕಿಡ್ನಿ ಕಾಯಿಲೆ, ಅಪರೂಪದ ರಿಕೆಟ್ಸ್‌ನಂಥ ಸಂದರ್ಭಗಳಲ್ಲಿ ಮಾತ್ರ.

ಮಿಲಿಲೀಟರ್‌ಗೆ 20 ನ್ಯಾನೊಗ್ರಾಂ ಇದ್ದರೆ ಹೆಚ್ಚಿನ ಜನರ ಮೂಳೆಗೆ ಸಾಕು ಅಂತ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಮಿತಿ ಹೇಳಿತ್ತು. ಬಹಳ ಲ್ಯಾಬ್‌ಗಳು 30ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಅಂತ ಅಚ್ಚು ಹಾಕುತ್ತವೆ. 30 ಅನ್ನುವ ಗುರಿ ಹಾಕಿದ್ದ, ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಅದನ್ನು ಕೈಬಿಟ್ಟಿತು. ಆರೋಗ್ಯವಾಗಿರುವವರೆಲ್ಲ ಸುಮ್ನೆ ಪರೀಕ್ಷೆ ಮಾಡಿಸಬೇಕಿಲ್ಲ ಅಂತಲೂ ಹೇಳಿತು. ರಿಪೋರ್ಟ್‌ನಲ್ಲಿ 24 ಅಂತ ಬಂದರೆ ಗಾಬರಿ ಬೀಳಬೇಡಿ.

ವರ್ಷಕ್ಕೊಂದು ಸಲ ದೊಡ್ಡ ಡೋಸ್ ತಗೊಂಡ್ರೆ ಮುಗೀತಲ್ವಾ?

ಮುಗಿಯಲ್ಲ. ಆಸ್ಟ್ರೇಲಿಯಾದಲ್ಲಿ 2,256 ವಯಸ್ಸಾದ ಹೆಂಗಸರ ಮೇಲೆ ಇದನ್ನೇ ಪರೀಕ್ಷಿಸಿದರು. ಅರ್ಧ ಜನಕ್ಕೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 2010ರಲ್ಲಿ ಫಲಿತಾಂಶ ಬಂದಾಗ ಡೋಸ್ ತಗೊಂಡವರೇ ಹೆಚ್ಚು ಬಿದ್ದಿದ್ದರು, ಅವರದ್ದೇ ಹೆಚ್ಚು ಮೂಳೆ ಮುರಿದಿತ್ತು.

ನಮ್ಮಲ್ಲಿ ಸಿಗುವ ಸ್ಯಾಶೆ 60,000 ಯೂನಿಟ್‌ನದು, ಅಂದರೆ ಒಂದೂವರೆ ಮಿಲಿಗ್ರಾಂ. ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಕೆಲವು ವಾರ ಕೊಡುವುದಕ್ಕೆ ಅದು ಇರುವುದು. ಅದನ್ನು ದಿನಾ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ದಾಸ್ತಾನು ವಿಪರೀತವಾದರೆ 25-ಹೈಡ್ರಾಕ್ಸಿಯೇ ರಿಸೆಪ್ಟರ್ ಮೇಲೆ ಕೂರಲು ಶುರು ಮಾಡುತ್ತದೆ. ಆಗ ಕಿಡ್ನಿಯ ಬೀಗಕ್ಕೂ ಮೀರಿ ಕ್ಯಾಲ್ಸಿಯಂ ಏರುತ್ತದೆ. ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿಗೇ ಪೆಟ್ಟು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಅಂತ ಇದೆಯಾ ‘ದಿನಕ್ಕೊಮ್ಮೆ’ ಅಂತ ಇದೆಯಾ, ದಯವಿಟ್ಟು ಇನ್ನೊಂದು ಸಲ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ.

ಇಷ್ಟು ಬಿಸಿಲಿರೋ ನಮ್ಮ ದೇಶದಲ್ಲೂ ಕೊರತೆ ಯಾಕೆ?

ಬಿಸಿಲು ಇದೆ, ಅದು ಚರ್ಮಕ್ಕೆ ಬೀಳುತ್ತಿಲ್ಲ. ವಿಟಮಿನ್ ಡಿ ತಯಾರಾಗಲು ಬೇಕಾದ್ದು ಯುವಿಬಿ ಅನ್ನುವ ಒಂದು ಬಗೆಯ ನೇರಳಾತೀತ ಕಿರಣ. ಅದು ಕಿಟಕಿ ಗಾಜು ದಾಟುವುದಿಲ್ಲ. ಬೆಳಗಿನ ಎಳೆ ಬಿಸಿಲಿನಲ್ಲೂ ಕಡಿಮೆಯೇ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಬಾಸ್ಟನ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲಲ್ಲಿ ನಿಂತರೂ ಚರ್ಮದಲ್ಲಿ ಡಿ ತಯಾರಾಗುವುದಿಲ್ಲ ಅಂತ ಹಾಲಿಕ್ ತಂಡ 1988ರಲ್ಲಿ ತೋರಿಸಿತು. ಅಂಥ ಊರುಗಳಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು, ಕಪ್ಪು ಚರ್ಮಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಬೆಂಗಳೂರು, ಮೈಸೂರುಗಳಿಗೆ ವರ್ಷಪೂರ್ತಿ ಯುವಿಬಿ ಸಿಗುತ್ತದೆ.

2000ದಲ್ಲಿ ದೆಹಲಿಯ ಏಮ್ಸ್ ವೈದ್ಯರ ಅಧ್ಯಯನವೊಂದು ಬಂತು. ಆರೋಗ್ಯವಾಗಿದ್ದ ವೈದ್ಯರು, ನರ್ಸ್‌ಗಳಲ್ಲೇ ಮಟ್ಟ ತೀರಾ ಕಡಿಮೆ ಇತ್ತು. ಬಯಲಲ್ಲಿ ದುಡಿಯುವ ಸೈನಿಕರಲ್ಲಿ ಎಷ್ಟೋ ವಾಸಿ.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಪ್ಯಾರಾಥೈರಾಯ್ಡ್ ಏರಿ 1,25 ಏರುತ್ತದೆ. ಹಾಗೆ ಏರಿದಾಗ 25-ಹೈಡ್ರಾಕ್ಸಿ ದಾಸ್ತಾನು ಬೇಗ ಖರ್ಚಾಗುತ್ತದೆ. ಇಲಿಗಳಲ್ಲಿ ಇದನ್ನು 1987ರಲ್ಲಿ ತೋರಿಸಿದ್ದಾರೆ. ಪಾಲಿಶ್ ಮಾಡಿದ ಅಕ್ಕಿ ಮಾತ್ರ ತಿನ್ನುವ ತಟ್ಟೆಯಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಮಜ್ಜಿಗೆ, ಸೊಪ್ಪು ಇರುವ ಊಟ ವಿಟಮಿನ್ ಡಿಯ ಉಳಿತಾಯಕ್ಕೂ ಒಳ್ಳೆಯದು. ಹಾಲು, ಎಣ್ಣೆ ಕೊಳ್ಳುವಾಗ ಪ್ಯಾಕೆಟ್ ಮೇಲೆ ‘ಪ್ಲಸ್ ಎಫ್’ ಗುರುತು ಇದ್ದರೆ ಪೋಷಕಾಂಶ ಬೆರೆಸಿದ್ದಾರೆ ಅಂತ ಅರ್ಥ. ಯಾವುದನ್ನು ಬೆರೆಸಿದ್ದಾರೆ ಅಂತ ಪಕ್ಕದಲ್ಲೇ ಓದಿಕೊಳ್ಳಬಹುದು.

## ಇನ್ನೂ ಆಳಕ್ಕೆ

24,25 ಅಂತ ಇನ್ನೊಂದು ರೂಪ ಇದೆಯಲ್ಲ, ಅದರ ಕೆಲಸ ಏನು?

ಇದು ವರ್ಷಗಟ್ಟಲೆ ನಡೆದ ಜಗಳ. 24ನೇ ಸ್ಥಾನದಲ್ಲಿ ಆಮ್ಲಜನಕ ಸೇರಿದ ರೂಪ ಮೂಳೆಗೆ ಬೇಕೇ ಬೇಕು ಅಂತ ಕೆಲವರು ವಾದಿಸಿದರು. ಡಿಲೂಕಾ ಲ್ಯಾಬಿನವರು ಆ ಜಾಗದಲ್ಲಿ ಎರಡು ಫ್ಲೋರಿನ್ ಕೂರಿಸಿದ 25-ಹೈಡ್ರಾಕ್ಸಿ ತಯಾರಿಸಿದರು. ಫ್ಲೋರಿನ್ ಇದ್ದರೆ ಅಲ್ಲಿ ಆಮ್ಲಜನಕ ಸೇರಲಾಗದು. ಅದನ್ನೇ ವಿಟಮಿನ್ ಡಿಯ ಬದಲು ಕೊಟ್ಟು ಇಲಿಗಳನ್ನು ಎರಡು ತಲೆಮಾರು ಸಾಕಿದರು. ಇಲಿಗಳು ಚೆನ್ನಾಗಿಯೇ ಇದ್ದವು, ಮರಿ ಹಾಕಿದವು. ಹಾಗಾಗಿ 24ನೇ ಸ್ಥಾನದ ಬದಲಾವಣೆ ಮುಖ್ಯವಾಗಿ ಹೆಚ್ಚಾದದ್ದನ್ನು ವಿಲೇವಾರಿ ಮಾಡುವ ದಾರಿ ಅಂತ ಅವರು ತೀರ್ಮಾನಿಸಿದರು. ಒಂದು ವಾದವನ್ನು ಒಂದು ಅಣುವಿನಿಂದ ಪರೀಕ್ಷಿಸುವ ಈ ರೀತಿ ರಸಾಯನಶಾಸ್ತ್ರ ಕಲಿತವರಿಗೇ ಹೊಳೆಯುವಂಥದ್ದು.

ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ವಿಟಮಿನ್ ಡಿ ಮದ್ದು ಅಂತ ಇವರೇ ಹೇಳಿದ್ದಲ್ವಾ?

ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಪೆಟ್ಟು ಬೀಳುವ ಕಾಯಿಲೆ ಇದು. ಮದ್ದು ಅಂತ ಅವರು ಹೇಳಲಿಲ್ಲ. 1996ರಲ್ಲಿ ಕ್ಯಾಂಟೊರ್ನಾ, ಹೇಯ್ಸ್ ಮತ್ತು ಡಿಲೂಕಾ ಇಲಿಗಳಲ್ಲಿ ಆ ಕಾಯಿಲೆಯನ್ನು ಹೋಲುವ ಸ್ಥಿತಿಯನ್ನು 1,25 ಹಾರ್ಮೋನ್ ತಡೆಯುತ್ತದೆ ಅಂತ ತೋರಿಸಿದರು. ಪ್ರಪಂಚದಾದ್ಯಂತ ಅದಕ್ಕೆ ಸದ್ದಾಯಿತು. ಆದರೆ ಆಮೇಲೆ ಅದೇ ಲ್ಯಾಬ್ ತನ್ನ ಮಾತನ್ನೇ ಮತ್ತೆ ಪರೀಕ್ಷಿಸಿತು. 2010ರಲ್ಲಿ ಬಂದ ಲೇಖನದಲ್ಲಿ, ನೇರಳಾತೀತ ಬೆಳಕು ಆ ಕಾಯಿಲೆಯನ್ನು ತಗ್ಗಿಸುವುದು ವಿಟಮಿನ್ ಡಿ ತಯಾರಾಗುವುದರಿಂದಲ್ಲ, ಬೇರೆ ದಾರಿಯಿಂದ ಅಂತ ಹೇಳಿದರು. ವಿಟಮಿನ್ ಡಿಯಲ್ಲೇ ಜೀವನ ಕಳೆದ ವಿಜ್ಞಾನಿ, ಇಲ್ಲಿ ಕೆಲಸ ಮಾಡುತ್ತಿರುವುದು ವಿಟಮಿನ್ ಡಿ ಅಲ್ಲ ಅಂತ ಬರೆಯುವುದು ಸಣ್ಣ ವಿಷಯವಲ್ಲ. ಅವರ ಮೇಲೆ ನನಗಿರುವ ಗೌರವಕ್ಕೆ ಈ ಲೇಖನವೂ ಒಂದು ಕಾರಣ.

ಮೂಳೆ ಸವೆತಕ್ಕೆ ಅವರು ಮಾಡಿದ ಹೊಸ ಔಷಧ ಏನಾಯಿತು?

ಅದರ ಹೆಸರು 2ಎಂಡಿ. ಹಾರ್ಮೋನ್‌ನ ರಚನೆಯಲ್ಲಿ ಸಣ್ಣ ಬದಲಾವಣೆ ಮಾಡಿ ಕಟ್ಟಿದ್ದು. ಅಂಡಾಶಯ ತೆಗೆದ ಇಲಿಗಳಲ್ಲಿ ಮೂಳೆ ಬೆಳೆಸಿ ಭಾರಿ ಆಸೆ ಹುಟ್ಟಿಸಿತು. ಮುಟ್ಟು ನಿಂತ ಹೆಂಗಸರಲ್ಲಿ ಒಂದು ವರ್ಷ ಪರೀಕ್ಷೆ ನಡೆದಾಗ ಮೂಳೆಯ ಕಟ್ಟುವಿಕೆ, ಕರಗುವಿಕೆ ಎರಡೂ ಚುರುಕಾದವು. ಮೂಳೆ ಸಾಂದ್ರತೆ ಮಾತ್ರ ಹೆಚ್ಚಲಿಲ್ಲ. 2011ರಲ್ಲಿ ಅವರ ತಂಡವೇ ಅದನ್ನು ಮುಚ್ಚಿಡದೆ ಪ್ರಕಟಿಸಿತು.

ಕ್ಯಾನ್ಸರ್, ಹಾರ್ಟ್ ಅಟ್ಯಾಕ್ ಎಲ್ಲದಕ್ಕೂ ವಿಟಮಿನ್ ಡಿ ಒಳ್ಳೇದು ಅಂತ ಮೆಸೇಜ್ ಬರ್ತಿರುತ್ತೆ. ನಿಜಾನಾ?

ರಿಸೆಪ್ಟರ್ ಕರುಳು, ಮೂಳೆ ಬಿಟ್ಟು ಚರ್ಮ, ರೋಗನಿರೋಧಕ ಕೋಶಗಳು ಮೊದಲಾದ ಎಷ್ಟೋ ಕಡೆ ಸಿಕ್ಕಿದ್ದು ನಿಜ. ಅಲ್ಲಿಂದ ಆಸೆ ಚಿಗುರಿತು. ಮೆಸೇಜ್‌ಗಳು ಹೇಳುವಷ್ಟು ಮಾತ್ರ ನಿಜವಾಗಲಿಲ್ಲ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರನ್ನು ಸರಾಸರಿ 5.3 ವರ್ಷ ನೋಡಿದರು. ದಿನಕ್ಕೆ 2,000 ಯೂನಿಟ್ ತಗೊಂಡವರಿಗೂ ತಗೊಳ್ಳದವರಿಗೂ ಕ್ಯಾನ್ಸರ್ ಬರುವುದರಲ್ಲಾಗಲಿ, ಹೃದಯದ ತೊಂದರೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 2018ರಲ್ಲಿ ಇದು ಬಂತು. ಮೂಳೆ ಮುರಿತದಲ್ಲೂ ವ್ಯತ್ಯಾಸ ಇಲ್ಲ ಅಂತ 2022ರಲ್ಲಿ ತಿಳಿಯಿತು. ಅವರಲ್ಲಿ ಹೆಚ್ಚಿನವರಿಗೆ ಕೊರತೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಕೊರತೆ ಇರುವ ಮಗುವಿಗೆ, ಬಸುರಿಗೆ, ಮನೆಯೊಳಗೇ ಇರುವ ವೃದ್ಧರಿಗೆ ಇದೇ ವಿಟಮಿನ್ ಮೂಳೆ ಉಳಿಸುತ್ತದೆ.

ಇಷ್ಟು ಕೆಲಸ ಮಾಡಿದವರಿಗೆ ನೊಬೆಲ್ ಬರಲಿಲ್ಲವಾ?

ಇಲ್ಲ. ವಿಟಮಿನ್ ಡಿಗೆ ಹತ್ತಿರದ ನೊಬೆಲ್ ಅಂದರೆ 1928ರದ್ದು. ಕೊಲೆಸ್ಟ್ರಾಲ್ ಜಾತಿಯ ವಸ್ತುಗಳಾದ ಸ್ಟೀರಾಲ್‌ಗಳ ರಚನೆ ಮತ್ತು ವಿಟಮಿನ್‌ಗಳ ಜೊತೆ ಅವುಗಳ ನಂಟಿನ ಬಗ್ಗೆ ಜರ್ಮನಿಯ ಆಡಾಲ್ಫ್ ವಿಂಡೌಸ್ ಅವರಿಗೆ ಸಿಕ್ಕಿತು. ಡಿಲೂಕಾ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಅವರ ಹೆಸರಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿವೆ.

ನನ್ನ ಮಗಳು ಬಯೋಕೆಮಿಸ್ಟ್ರಿ ಓದ್ತಿದ್ದಾಳೆ. ಈ ವಿಷಯ ಎಲ್ಲಿಂದ ಶುರು ಮಾಡಲಿ ಅಂತ ಕೇಳ್ತಾಳೆ

1971ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಹಾಲಿಕ್, ಷ್ನೋಸ್, ಡಿಲೂಕಾ ಲೇಖನದಿಂದಲೇ ಶುರು ಮಾಡಲಿ. ಇಂಟರ್‌ನೆಟ್‌ನಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತದೆ, ಪುಟಗಳೂ ಕೆಲವೇ. ಮೊದಲ ಓದಿನಲ್ಲಿ ಎಲ್ಲ ಅರ್ಥವಾಗದಿದ್ದರೂ ಪರವಾಗಿಲ್ಲ. ಮಾಸ್ ಸ್ಪೆಕ್ಟ್ರಮ್ ಚಿತ್ರ ಎದುರಿಗಿಟ್ಟುಕೊಂಡು 416 ಎಲ್ಲಿದೆ ಅಂತ ಹುಡುಕಲಿ. ಅಣು ಒಡೆದಾಗ ಬರುವ ಚೂರುಗಳ ತೂಕ ನೋಡಿ ಹೊಸ ಆಮ್ಲಜನಕ ಮೊದಲ ಉಂಗುರದಲ್ಲೇ ಕೂತಿದೆ ಅಂತ ಅವರು ಹೇಗೆ ಹೇಳಿದರು ಅನ್ನುವುದನ್ನು ತಾನೇ ಲೆಕ್ಕ ಹಾಕಲಿ. ಆಮೇಲೆ ಅದರ ಪಕ್ಕದಲ್ಲಿ 1970ರ ಫ್ರೇಸರ್, ಕೋಡಿಸೆಕ್ ಲೇಖನ ಇಟ್ಟು ಓದಲಿ. ಅಲ್ಲಿ ಅಂಗ ಯಾವುದು ಅಂತ ಕೇಳಿದ್ದಾರೆ, ಇಲ್ಲಿ ಅಣು ಯಾವುದು ಅಂತ. ಎರಡೂ ಓದಿದ ಮೇಲೆ ಪಠ್ಯಪುಸ್ತಕದ ಆ ಅಧ್ಯಾಯಕ್ಕೆ ಬಂದರೆ ಸಲೀಸಾಗಿ ಸಾಗುತ್ತದೆ.